ಅಜ್ಜ ‘ಅತತ್’ ಅಂದರು, ಅಪ್ಪ ‘ತತ್’ ಅಂದರು

ಪ್ರಶ್ನೆ: ನಮ್ಮದು ಸ್ಮಾರ್ತರ ಮನೆ. ಹೆಂಡತಿಯ ತವರು ಮಾಧ್ವರದು. ಮಗಳು ಹತ್ತನೇ ಕ್ಲಾಸು, ಸಂಸ್ಕೃತ ತೆಗೆದುಕೊಂಡಿದ್ದಾಳೆ. ಹೋದ ತಿಂಗಳು ಮಾವನವರ ಮನೆಯಲ್ಲಿ ಊಟ ಮುಗಿಸಿ ಕೂತಾಗ ‘ತತ್ತ್ವಮಸಿ’ಯ ಮಾತು ಬಂತು. ನಾನು ‘ಅದೇ ನೀನು’ ಅಂತ ಅರ್ಥ ಹೇಳಿದೆ. ಮಾವನವರು ನಕ್ಕು, ‘ಅದು ಅತತ್ ತ್ವಮಸಿ. ನೀನು ಅದಲ್ಲ ಅಂತ’ ಅಂದರು. ಮಗಳು ಸುಮ್ಮನಿರಲಿಲ್ಲ. ‘ಒಂದೇ ವಾಕ್ಯಕ್ಕೆ ಹೌದು ಅಂತಲೂ ಅರ್ಥ, ಅಲ್ಲ ಅಂತಲೂ ಅರ್ಥ ಬರೋದಾದ್ರೆ ಅದನ್ನ ಯಾಕೆ ನಂಬಬೇಕು?’ ಅಂದಳು. ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ. ಯಾರು ಸರಿ? ಕೊನೆಗೆ ಎಲ್ಲವೂ ಒಂದೇ ಅಂತ ಹೇಳಿಬಿಡಬಹುದಾ?
– ಓದುಗರು, ಶಿವಮೊಗ್ಗ

ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ‘ಎಲ್ಲವೂ ಒಂದೇ’ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವಂಥ ಉತ್ತರ ಅದು. ತಾಂಬೂಲ ಹಾಕಿಕೊಂಡು ಎಲ್ಲರೂ ನಗುನಗುತ್ತಾ ಎದ್ದೇಳಬಹುದು, ಅಷ್ಟೇ. ನಿಮ್ಮ ಮಗಳು ಅದನ್ನು ಒಪ್ಪುವುದಿಲ್ಲ. ಶಂಕರರೂ ಒಪ್ಪುತ್ತಿರಲಿಲ್ಲ, ಮಧ್ವರಂತೂ ಸುತರಾಂ ಒಪ್ಪುತ್ತಿರಲಿಲ್ಲ. ಜೀವ ಮತ್ತು ಬ್ರಹ್ಮ ಒಂದೇ ಅಂತ ನಿಮ್ಮ ಕಡೆಯ ಶಂಕರರು ಹೇಳುತ್ತಾರೆ, ಎಂದೆಂದಿಗೂ ಬೇರೆಬೇರೆ ಅಂತ ಮಾವನವರ ಕಡೆಯ ಮಧ್ವರು ಹೇಳುತ್ತಾರೆ. ಎರಡೂ ಒಟ್ಟಿಗೆ ನಿಜ ಆಗುವುದಿಲ್ಲ. ಅವರು ಜೀವಮಾನವಿಡೀ ವಾದ ಮಾಡಿದ್ದು ಇದೇ ವಿಷಯಕ್ಕೆ. ‘ನೀವಿಬ್ಬರೂ ಒಂದನ್ನೇ ಹೇಳುತ್ತಿದ್ದೀರಿ’ ಅಂದರೆ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತಲೇ ಲೆಕ್ಕ.

ಹಾಗಾದರೆ ಯಾರು ಸರಿ? ತಾಳಿ, ಮೊದಲು ವಾಕ್ಯವನ್ನೇ ನೋಡೋಣ. ಅದು ಸುಮ್ನೆ ಗೋಡೆ ಮೇಲೆ ಬರೆದಿಟ್ಟ ವಾಕ್ಯ ಅಲ್ಲ, ಒಬ್ಬ ಅಪ್ಪ ಮಗನಿಗೆ ಹೇಳಿದ್ದು. ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದಲ್ಲಿ ಬರುತ್ತದೆ. ಶ್ವೇತಕೇತು 12ನೇ ವಯಸ್ಸಿಗೆ ಗುರುಕುಲಕ್ಕೆ ಹೋದವನು, 24ಕ್ಕೆ ವೇದಗಳನ್ನೆಲ್ಲ ಓದಿ ಮುಗಿಸಿ ಮನೆಗೆ ಬಂದ. ಬಂದವನ ತಲೆ ಆಕಾಶದಲ್ಲಿತ್ತು. ಉಪನಿಷತ್ತು ಅವನನ್ನು ‘ಸ್ತಬ್ಧ’ ಅನ್ನುತ್ತದೆ, ಸೆಟೆದುಕೊಂಡವನು ಅಂತ. ಅಪ್ಪ ಉದ್ದಾಲಕ ಆರುಣಿ ಕೇಳಿದ: ಯಾವುದನ್ನು ತಿಳಿದರೆ ತಿಳಿಯದ್ದೆಲ್ಲ ತಿಳಿದಂತಾಗುತ್ತದೋ ಅದನ್ನು ನಿನ್ನ ಗುರುಗಳ ಹತ್ತಿರ ಕೇಳಿದ್ದೀಯೇನಪ್ಪಾ? ಹುಡುಗನಿಗೆ ಗೊತ್ತಿರಲಿಲ್ಲ. ಆಮೇಲೆ ಅಪ್ಪ ಮಣ್ಣಿನ ಮುದ್ದೆ, ಹಗ್ಗ ಕಟ್ಟಿದ ಹಕ್ಕಿ, ಜೇನು, ನದಿ, ಆಲದ ಹಣ್ಣು, ಉಪ್ಪುನೀರು ಅಂತ ಒಂದೊಂದೇ ಉದಾಹರಣೆ ತೆಗೆಯುತ್ತಾ ಹೋಗುತ್ತಾನೆ. ನಡುನಡುವೆ ಒಂದು ಪಲ್ಲವಿ ಬರುತ್ತದೆ, ಒಟ್ಟು ಒಂಬತ್ತು ಸಲ. ‘ತತ್ ಸತ್ಯಂ, ಸ ಆತ್ಮಾ, ತತ್ತ್ವಮಸಿ ಶ್ವೇತಕೇತೋ’. ಅದು ಸತ್ಯ, ಅದು ಆತ್ಮ, ಅದೇ ನೀನು ಶ್ವೇತಕೇತು. ನೀವು ಹೇಳಿದ ಅರ್ಥ ಇದು.

ಈಗ ಮಾವನವರ ‘ಅ’ ಎಲ್ಲಿಂದ ಬಂತು? ಮಗಳನ್ನು ಕರೆದು ‘ವಿದ್ಯಾಭ್ಯಾಸ’ ಬಿಡಿಸಲು ಹೇಳಿ. ವಿದ್ಯಾ + ಅಭ್ಯಾಸ ಅನ್ನುತ್ತಾಳೆ. ಸವರ್ಣದೀರ್ಘ ಸಂಧಿ. ‘ಆ’ ಮುಂದೆ ‘ಅ’ ಬಂದರೆ ಎರಡೂ ಸೇರಿ ಒಂದೇ ‘ಆ’. ಸೇರಿದ ಮೇಲೆ ಆ ಸಣ್ಣ ‘ಅ’ ಕಿವಿಗೆ ಬೇರೆಯಾಗಿ ಕೇಳುವುದೇ ಇಲ್ಲ. ಹಾಗೆಯೇ ಆತ್ಮಾ + ತತ್ ಅಂದರೂ ‘ಆತ್ಮಾತತ್’, ಆತ್ಮಾ + ಅತತ್ ಅಂದರೂ ‘ಆತ್ಮಾತತ್’. ನಾನು ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡುತ್ತಿದ್ದಾಗ ಈ ಜಾಗಕ್ಕೆ ಬಂದರೆ ಮಕ್ಕಳಿಗೆ ಪುಸ್ತಕ ಮುಚ್ಚಿ ಅನ್ನುತ್ತಿದ್ದೆ. ಒಂದೇ ಉಸಿರಿಗೆ ಹೇಳಿ, ‘ತತ್ ಅಂದೆನಾ, ಅತತ್ ಅಂದೆನಾ?’ ಅಂತ ಕೇಳುತ್ತಿದ್ದೆ. ಅರ್ಧ ಕ್ಲಾಸು ಹಾಗೆ, ಅರ್ಧ ಕ್ಲಾಸು ಹೀಗೆ ಕೈ ಎತ್ತುತ್ತಿತ್ತು. ಹಳೆಯ ಓಲೆಗರಿಗಳಲ್ಲೂ ಪದದ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ. ಅಂದಮೇಲೆ ಬಿಡಿಸುವ ಕೆಲಸ ಓದುವವನದೇ. ಮಾವನವರು ಬಿಡಿಸಿದ್ದು ವ್ಯಾಕರಣಕ್ಕೆ ವಿರುದ್ಧ ಅಲ್ಲವೇ ಅಲ್ಲ.

ಶಂಕರರ ದಾರಿಯವರಾದ ಅದ್ವೈತಿಗಳು ಕೆಲವರು ಇದನ್ನು ‘ಅಕ್ಷರದ ಆಟ’ ಅಂತ ತಳ್ಳಿಹಾಕುತ್ತಾರೆ. ಅದು ಅನ್ಯಾಯ. ಮಧ್ವರು ಆ ಒಂದು ‘ಅ’ಕಾರದ ಮೇಲೆ ಇಡೀ ಮನೆ ಕಟ್ಟಿಲ್ಲ. ‘ತತ್’ ಅಂತಲೇ ಬಿಡಿಸಿದರೂ ತಮ್ಮ ಅರ್ಥ ನಿಲ್ಲುತ್ತದೆ ಅಂತ ಬೇರೆ ದಾರಿಗಳನ್ನೂ ತೋರಿಸಿದ್ದಾರೆ. ಅವರ ನಿಜವಾದ ಬಲ ಸಂಧಿಯಲ್ಲಿಲ್ಲ, ಸಂದರ್ಭದಲ್ಲಿದೆ.

ಅವರ ಮಣ್ಣಿನ ವಾದ ನನಗೆ ಬಹಳ ಇಷ್ಟ. ಉಪನಿಷತ್ತು ‘ಒಂದು ಮಣ್ಣಿನ ಮುದ್ದೆಯನ್ನು ತಿಳಿದರೆ ಮಣ್ಣಿನದೆಲ್ಲ ತಿಳಿದಂತೆ’ ಅನ್ನುತ್ತದೆ. ಮಡಕೆ, ಕುಡಿಕೆ ಎಲ್ಲವೂ ನಿಜದಲ್ಲಿ ಮಣ್ಣೇ, ಹಾಗೆ ಜಗತ್ತೆಲ್ಲ ಬ್ರಹ್ಮವೇ ಅಂತ ಅದ್ವೈತದ ಓದು. ಮಧ್ವರು ಕೇಳುವುದು ಇಷ್ಟು: ಹಾಗಿದ್ದರೆ ‘ಒಂದು’ ಯಾಕೆ ಬೇಕು, ‘ಮುದ್ದೆ’ ಯಾಕೆ ಬೇಕು? ‘ಮಣ್ಣನ್ನು ತಿಳಿದರೆ’ ಅಂದರೆ ಸಾಕಿತ್ತಲ್ಲ? ಕುಂಬಾರನ ಮುಂದಿರುವ ಆ ಒಂದು ಮುದ್ದೆಯಿಂದ ಲೋಕದ ಮಡಕೆಗಳೆಲ್ಲ ಆಗಿಲ್ಲ. ಒಂದು ಮುದ್ದೆ ನೋಡಿ ಉಳಿದದ್ದನ್ನು ತಿಳಿಯುತ್ತೇವೆ ಅಂದರೆ ಅದು ಹೋಲಿಕೆಯಿಂದ. ಅದೇ ಇದು ಅನ್ನುವ ಕಾರಣಕ್ಕಲ್ಲ, ಅದರ ಹಾಗೆ ಇದು ಅನ್ನುವ ಕಾರಣಕ್ಕೆ. ಎರಡು ಸಣ್ಣ ಪದ ಹಿಡಿದು ಅವರು ಇಡೀ ಉದಾಹರಣೆಯನ್ನು ತಮ್ಮ ಕಡೆ ತಿರುಗಿಸಿಬಿಡುತ್ತಾರೆ.

ಉಳಿದ ಉದಾಹರಣೆಗಳಿಗೂ ಅದೇ ಪೆಟ್ಟು. ಹಕ್ಕಿಯನ್ನು ಹಗ್ಗಕ್ಕೆ ಕಟ್ಟಿದ್ದಾರೆ, ಹಕ್ಕಿಯೇ ಹಗ್ಗ ಅಲ್ಲ. ಉಪ್ಪು ನೀರಲ್ಲಿದೆ, ಉಪ್ಪೇ ನೀರಲ್ಲ. ಕೊನೆಗೆ ಬರುವ ಕಳ್ಳನ ಉದಾಹರಣೆಯಲ್ಲೂ ಕಳ್ಳ ಬೇರೆ, ಕದ್ದ ಮಾಲು ಬೇರೆ. ನದಿಗಳು ಸಮುದ್ರ ಸೇರಿದ ಮೇಲೆ ‘ನಾನು ಇಂಥ ನದಿ’ ಅಂತ ತಿಳಿಯುವುದಿಲ್ಲ, ಸರಿ. ತಿಳಿಯದೇ ಇರುವುದು ಬೇರೆ, ಇಲ್ಲದೇ ಇರುವುದು ಬೇರೆ, ಅಲ್ವಾ? ಇದರ ಜೊತೆಗೆ ಈ ಮತದವರು ಇನ್ನೊಂದು ಮಾತು ಸೇರಿಸುತ್ತಾರೆ. ಓದಿನ ಮದದಿಂದ ಸೆಟೆದುಕೊಂಡ ಮಗನಿಗೆ ಯಾವ ಅಪ್ಪ ‘ನೀನೇ ದೇವರು ಕಣೋ’ ಅನ್ನುತ್ತಾನೆ? ‘ನೀನು ಅದಲ್ಲ’ ಅಂತಲೇ ಒಂಬತ್ತು ಸಲ ತಲೆಗೆ ಮೊಟಕಬೇಕು.

ಅದ್ವೈತಿಗಳು ಇದಕ್ಕೆ ಸುಮ್ಮನಿಲ್ಲ. ಸೊಕ್ಕಿರುವುದು ‘ನಾನು ಶ್ವೇತಕೇತು, ನಾನು ಓದಿದವನು’ ಅನ್ನುವ ಸಣ್ಣ ನಾನಿಗೆ. ಆ ಸಣ್ಣದನ್ನೇ ಕಳಚಿ ಹಾಕಿದರೆ ಸೊಕ್ಕು ಕೂರುವುದಕ್ಕೆ ಜಾಗವೇ ಇರುವುದಿಲ್ಲ ಅನ್ನುತ್ತಾರೆ. ‘ಅದೇ ನೀನು’ ಅಂದರೆ ಈ ಮೈ, ಈ ಮನಸ್ಸು, ಈ ಸಿಟ್ಟು ಸಮೇತ ನೀನೇ ಬ್ರಹ್ಮ ಅಂತಲ್ಲ. ಅವರು ಕೊಡುವ ಹಳೆಯ ಉದಾಹರಣೆ ‘ಇವನೇ ಆ ದೇವದತ್ತ’. ನಮ್ಮ ಮನೆಗಳಲ್ಲಿ ಮದುವೆಗೆ ಬಂದ ಹಿರಿಯರು ಗಡ್ಡ ಬಿಟ್ಟ ಎಂಜಿನಿಯರನ್ನು ನೋಡಿ, ‘ಅಂದು ಚಡ್ಡಿ ಹಾಕ್ಕೊಂಡು ಅಂಗಳದಲ್ಲಿ ಓಡಾಡ್ತಿದ್ದ ಪುಟ್ಟ ಇವನೇನಾ!’ ಅನ್ನುತ್ತಾರಲ್ಲ, ಹಾಗೆ. ಚಡ್ಡಿಯನ್ನೂ ಬಿಡಬೇಕು, ಗಡ್ಡವನ್ನೂ ಬಿಡಬೇಕು. ಆಗ ಉಳಿಯುವವನು ಒಬ್ಬನೇ.

ಇಲ್ಲಿ ಮೂರನೆಯವರು ಬಾಗಿಲಲ್ಲಿ ನಿಂತಿದ್ದಾರೆ. ಶೃಂಗೇರಿ, ಉಡುಪಿ ಅಂತ ಮಾತಾಡುವಾಗ ನಾವು ಮೇಲುಕೋಟೆಯನ್ನು ಮರೆತುಬಿಡುತ್ತೇವೆ. ರಾಮಾನುಜರು ಕೇಳುವುದು: ಗಡ್ಡ ಬಿಡು, ಚಡ್ಡಿ ಬಿಡು ಅಂತ ಪದಗಳ ನೇರ ಅರ್ಥವನ್ನೇ ಯಾಕೆ ಬಿಡಬೇಕು? ‘ಮಗು ಅಳ್ತಿದೆ’ ಅನ್ನುತ್ತೇವೆ. ಮಗು ಅನ್ನುವ ಪದ ಕಾಣುವ ಮೈಯಿಂದ ಹಾದು ಒಳಗಿನ ಜೀವಕ್ಕೆ ತಲುಪುತ್ತದೆ. ಮೈಗೆ ಜೀವ ಹೇಗೋ ಜೀವಕ್ಕೆ ಭಗವಂತ ಹಾಗೆ. ಹಾಗಾಗಿ ‘ನೀನು’ ಅನ್ನುವ ಪದ ಶ್ವೇತಕೇತುವಿನಲ್ಲೇ ನಿಲ್ಲದೆ, ಅವನ ಒಳಗೆ ಕೂತ ಅಂತರ್ಯಾಮಿಯ ತನಕ ಹೋಗುತ್ತದೆ. ಜಗತ್ತಿಗೆ ಕಾರಣನಾದ ಅವನೇ ನಿನ್ನೊಳಗೂ ಇರುವವನು. ಒಂದೇ ಅನ್ನುವುದೂ ಉಳಿಯಿತು, ಭೇದವೂ ಉಳಿಯಿತು. ಚಂದ ಇದೆ.

ಇನ್ನು ಈ ಕಾಲದ ಒಂದು ಓದು. 1986ರಲ್ಲಿ ಜೋಯೆಲ್ ಬ್ರೆರೆಟನ್ ಎಂಬ ಸಂಸ್ಕೃತ ವಿದ್ವಾಂಸರು ಒಂದು ಲೇಖನ ಬರೆದರು. ‘ತತ್’ ನಪುಂಸಕಲಿಂಗ, ‘ಆತ್ಮಾ’ ಪುಲ್ಲಿಂಗ. ‘ಅವನೇ ನೀನು’ ಅಂತ ಹೇಳಬೇಕಿದ್ದರೆ ಆ ಕಾಲದ ಭಾಷೆಯಲ್ಲಿ ‘ಸ ತ್ವಮಸಿ’ ಅನ್ನಬೇಕಿತ್ತು. ಆದ್ದರಿಂದ ‘ತತ್ತ್ವಮಸಿ’ ಅಂದರೆ ‘ನೀನು ಇರುವುದೂ ಹಾಗೆಯೇ’ ಅಂತ. ಬೀಜದೊಳಗಿನ ಕಾಣದ ಸೂಕ್ಷ್ಮದಿಂದ ಆಲದ ಮರ ನಿಂತಿದೆ, ನೀನೂ ಹಾಗೆಯೇ ನಿಂತಿದ್ದೀಯ. ಈ ಓದಿನಲ್ಲಿ ಮೂವರು ಆಚಾರ್ಯರಿಗೂ ಸ್ವಲ್ಪ ಸ್ವಲ್ಪ ಸಿಗುತ್ತದೆ, ಯಾರಿಗೂ ಪೂರ್ತಿ ಸಿಗುವುದಿಲ್ಲ.

ಈಗ ನಿಮ್ಮ ಮಗಳ ಪ್ರಶ್ನೆ. ಹೌದು ಅಂತಲೂ ಅಲ್ಲ ಅಂತಲೂ ಓದಬಹುದಾದ ವಾಕ್ಯವನ್ನು ಯಾಕೆ ನಂಬಬೇಕು?

ಅವಳಿಗೆ ಕೇಶವಾನಂದ ಭಾರತಿ ಕೇಸಿನ ಕಥೆ ಹೇಳಿ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಆಗಿದ್ದವರು ಅವರು. ಸಂವಿಧಾನಕ್ಕೆ ‘ತಿದ್ದುಪಡಿ’ ಮಾಡಬಹುದು ಅಂತ ಬರೆದಿದೆ. ತಿದ್ದುಪಡಿ ಅಂದರೆ ಎಷ್ಟು? ಬೇರನ್ನೇ ಕೀಳಬಹುದಾ? 1972–73ರಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು ಕೂತು ತಿಂಗಳುಗಟ್ಟಲೆ ಕೇಳಿದರು. ಮೂಲ ಸ್ವರೂಪವನ್ನು ಮುಟ್ಟುವಂತಿಲ್ಲ ಅನ್ನುವ ತೀರ್ಪು ಬಂದದ್ದು 7–6ರಲ್ಲಿ. ಒಂದೇ ಪಠ್ಯ, ಒಂದೇ ಪದ, ಹದಿಮೂರು ಜನ ಕಾನೂನು ಅರೆದು ಕುಡಿದವರು, ಒಂದು ಮತದ ಅಂತರ. ಅದಕ್ಕೆ ಸಂವಿಧಾನಕ್ಕೇ ಅರ್ಥ ಇಲ್ಲ ಅಂತ ಯಾರೂ ಅನ್ನಲಿಲ್ಲ. ಜನ ಜೀವ ಒತ್ತೆಯಿಡುವ ಪಠ್ಯಕ್ಕೆ ವ್ಯಾಖ್ಯಾನ ಜಾಸ್ತಿ. ಬಸ್ಸಿನ ವೇಳಾಪಟ್ಟಿಗೆ ಭಾಷ್ಯ ಬರೆಯುವವರು ಯಾರೂ ಇಲ್ಲ.

ಆದರೆ ಈ ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಅದನ್ನೂ ಅವಳಿಗೆ ಹೇಳಿಬಿಡಿ. ಕೋರ್ಟಿನಲ್ಲಿ ಕೊನೆಗೆ ಕೈ ಎಣಿಸುತ್ತಾರೆ. ಇಲ್ಲಿ ಎಣಿಸುವವರಿಲ್ಲ. ಇಲ್ಲಿರುವುದು ನಿಯಮ. ಶಾಸ್ತ್ರದ ಒಂದು ಪ್ರಕರಣದ, ಅಂದರೆ ಒಂದು ಭಾಗದ, ತಾತ್ಪರ್ಯ ಹಿಡಿಯುವುದಕ್ಕೆ ಮೂರೂ ಮತದವರು ಒಪ್ಪುವ ಆರು ಗುರುತುಗಳಿವೆ. ಶುರು ಮತ್ತು ಕೊನೆ ಏನು ಹೇಳುತ್ತವೆ, ಯಾವುದನ್ನು ಮತ್ತೆ ಮತ್ತೆ ಹೇಳಿದೆ, ಬೇರೆಲ್ಲೂ ಸಿಗದ ಹೊಸದು ಏನಿದೆ, ಫಲ ಏನು, ಹೊಗಳಿದ್ದು ಯಾವುದನ್ನು, ಯುಕ್ತಿ ಯಾವುದಕ್ಕೆ ಕೊಟ್ಟಿದೆ. ಆಟದ ನಿಯಮ ಒಂದೇ, ಅಂಗಳ ಒಂದೇ, ಆಡುವವರು ಬೇರೆ. ಬಾಯಿಗೆ ಬಂದ ಅರ್ಥ ಹೇಳಿದರೆ ಈ ಅಂಗಳದಲ್ಲಿ ಒಂದು ನಿಮಿಷವೂ ನಿಲ್ಲಲಾಗುವುದಿಲ್ಲ.

ಮತ್ತೆ ಎಂಥ ಆಟ ಅದು! ವಿಜಯನಗರದಲ್ಲಿ ವ್ಯಾಸತೀರ್ಥರು ‘ನ್ಯಾಯಾಮೃತ’ ಬರೆದು ಅದ್ವೈತವನ್ನು ಎಳೆಎಳೆಯಾಗಿ ಬಿಚ್ಚಿ ಖಂಡಿಸಿದರು. ಕಾಶಿಯಲ್ಲಿದ್ದ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ ಬರೆದು ಅದಕ್ಕೆ ಎಳೆಎಳೆಯಾಗಿಯೇ ಉತ್ತರ ಕೊಟ್ಟರು. ಅದಕ್ಕೆ ವ್ಯಾಸರಾಮಾಚಾರ್ಯರು ‘ತರಂಗಿಣಿ’ ಬರೆದರು. ಈ ರಾಮಾಚಾರ್ಯರು ಕಾಶಿಗೆ ಹೋಗಿ ಮಧುಸೂದನರ ಹತ್ತಿರವೇ ಶಿಷ್ಯರಾಗಿ ಅದ್ವೈತಸಿದ್ಧಿ ಪಾಠ ಕೇಳಿ, ಆಮೇಲೆ ಖಂಡನೆ ಬರೆದರು ಅಂತ ಕಥೆ ಇದೆ. ನಡೆದದ್ದೋ ಕಟ್ಟಿದ್ದೋ, ಈ ಕಥೆಯನ್ನು ಸಂಪ್ರದಾಯ ಇಷ್ಟಪಟ್ಟು ಉಳಿಸಿಕೊಂಡಿದೆ. ಎದುರಾಳಿಯ ಮಾತನ್ನು ಅವನ ಬಾಯಿಂದಲೇ ಕಲಿಯಬೇಕು ಅನ್ನುವುದು ಅವರಿಗೆ ಮರ್ಯಾದೆಯ ವಿಷಯ ಆಗಿತ್ತು.

ನನ್ನ ಗುರುಗಳು ಹಣೆತುಂಬ ವಿಭೂತಿ ಇಡುತ್ತಿದ್ದವರು. ಅವರು ಮಧ್ವರ ವಾದವನ್ನು ಮೂರು ದಿನ ಪಾಠ ಮಾಡಿದರು. ಎಷ್ಟು ಗಟ್ಟಿಯಾಗಿ ಮಾಡಿದರೆಂದರೆ, ಮೇಷ್ಟ್ರು ಮತ ಬದಲಾಯಿಸಿದರಾ ಅಂತ ನಾವು ಹುಡುಗರು ಗುಸುಗುಸು ಮಾಡಿಕೊಂಡೆವು. ನಾಲ್ಕನೇ ದಿನ ಬಂದು ನಶ್ಯ ಏರಿಸಿ, ‘ಹ್ಞೂ, ಈಗ ಉತ್ತರ’ ಅಂದರು. ಪೂರ್ವಪಕ್ಷ, ಅಂದರೆ ಎದುರಾಳಿಯ ವಾದವನ್ನು ಮೊದಲು ಪೂರ್ತಿ ಮುಂದಿಡುವುದು, ಏನು ಅಂತ ನನಗೆ ಗೊತ್ತಾದದ್ದು ಅವತ್ತು.

ಹಾಗಾದರೆ ಜಗಳದ ಬೇರು ಎಲ್ಲಿದೆ? ನನ್ನ ಪ್ರಕಾರ ‘ಅ’ಕಾರದಲ್ಲಿ ಇಲ್ಲ. ಸ್ವಲ್ಪ ನಿಧಾನವಾಗಿ ನೋಡಬೇಕಾದ ಜಾಗ ಇದು.

ಶಾಸ್ತ್ರದಲ್ಲಿ ಬರೆದಿದ್ದೆಲ್ಲ ಕಣ್ಣುಮುಚ್ಚಿ ನಿಜ ಅಂತ ಇವರಲ್ಲಿ ಯಾರೂ ಹೇಳುವುದಿಲ್ಲ. ಗೀತೆಯ 18ನೇ ಅಧ್ಯಾಯದ ಭಾಷ್ಯದಲ್ಲಿ ಶಂಕರರು ಖಡಾಖಂಡಿತವಾಗಿ ಹೇಳುತ್ತಾರೆ: ಬೆಂಕಿ ತಣ್ಣಗಿದೆ, ಅದಕ್ಕೆ ಬೆಳಕಿಲ್ಲ ಅಂತ ನೂರು ಶ್ರುತಿಗಳು, ಅಂದರೆ ವೇದವಾಕ್ಯಗಳು, ಹೇಳಿದರೂ ಅದು ಪ್ರಮಾಣ ಆಗುವುದಿಲ್ಲ. ಹಾಗೇನಾದರೂ ಹೇಳಿದ್ದರೆ ಶ್ರುತಿಯ ಅಭಿಪ್ರಾಯ ಬೇರೆ ಇದೆ ಅಂತ ತಿಳಿಯಬೇಕು. ಅಂದರೆ ಕಣ್ಣು, ಕೈ ತಿಳಿಸುವ ವಿಷಯದಲ್ಲಿ ಶ್ರುತಿ ತಲೆ ಹಾಕುವುದಿಲ್ಲ. ಅವು ತಿಳಿಸಲಾಗದ್ದನ್ನು ತಿಳಿಸುವುದಷ್ಟೇ ಅದರ ಕೆಲಸ.

ಮಧ್ವರು ಇದೇ ಕತ್ತಿಯನ್ನು ತಿರುಗಿಸಿ ಹಿಡಿಯುತ್ತಾರೆ. ಸರಿ, ಪ್ರತ್ಯಕ್ಷಕ್ಕೆ ವಿರುದ್ಧವಾಗಿ ಶ್ರುತಿ ಹೇಳುವಂತಿಲ್ಲ. ಹಾಗಾದರೆ ನನಗೆ ನೋವಾಗುತ್ತದೆ, ನನಗೆ ಗೊತ್ತಿರುವುದು ಬಹಳ ಕಡಿಮೆ, ನನ್ನಿಂದ ಆಗದ್ದು ಎಷ್ಟೋ ಇದೆ. ಇದು ನನ್ನೊಳಗಿನ ಸಾಕ್ಷಿಗೇ ಗೊತ್ತಿರುವ ವಿಷಯ. ಎಲ್ಲ ಬಲ್ಲ ದೇವರು ನಾನಲ್ಲ ಅನ್ನುವುದು ನನ್ನ ನೇರ ಅನುಭವ. ಅದಕ್ಕೆ ಎದುರಾಗಿ ‘ನೀನೇ ಅದು’ ಅಂತ ಶ್ರುತಿ ಹೇಳಿದರೆ ‘ಬೆಂಕಿ ತಣ್ಣಗಿದೆ’ ಅಂದ ಹಾಗಲ್ಲವೇ? ಯಾವ ಅನುಭವವನ್ನು ನಂಬಿ ಶ್ರುತಿ ನಿಂತಿದೆಯೋ ಅದನ್ನೇ ಸುಳ್ಳು ಅಂದರೆ, ಕೂತ ಕೊಂಬೆಯನ್ನೇ ಕಡಿದಂತೆ. ಈ ತಳಕ್ಕೆ ಅವರ ಶಾಸ್ತ್ರದಲ್ಲಿ ‘ಉಪಜೀವ್ಯ’ ಅಂತ ಹೆಸರು.

ಶಂಕರರ ಕಡೆಯವರು ಇದಕ್ಕೆ ಹೇಳುವುದೇನು? ‘ನಾನು’ ಅನ್ನುವ ಅನುಭವವನ್ನು ಅಷ್ಟು ನಂಬಬೇಡಿ. ನಾನು ದಪ್ಪ, ನಾನು ತೆಳ್ಳಗೆ ಅನ್ನುತ್ತೀರಿ. ದಪ್ಪ ಇರುವುದು ಮೈ. ಮೈಯದನ್ನು ತಂದು ನಾನಿಗೆ ಅಂಟಿಸಿಕೊಂಡವರು, ನೋವನ್ನೂ ಹಾಗೇ ಅಂಟಿಸಿಕೊಂಡಿಲ್ಲ ಅಂತ ಹೇಗೆ ಹೇಳುತ್ತೀರಿ? ನಮ್ಮ ಅನುಭವದಲ್ಲೇ ಬಿರುಕು ಇದೆ. ಶ್ರುತಿ ಬಂದದ್ದೇ ಆ ಬಿರುಕು ತೋರಿಸುವುದಕ್ಕೆ.

ನೋಡಿ, ಇಲ್ಲಿಗೆ ಬಂತು. ನಿಮ್ಮ ಮಾವನವರಿಗೂ ನಿಮಗೂ ಇರುವ ಭಿನ್ನಾಭಿಪ್ರಾಯ ಸಂಸ್ಕೃತದ್ದಲ್ಲ. ‘ನಾನು’ ಅಂತ ದಿನವೂ ಅನ್ನಿಸುತ್ತದಲ್ಲ, ಅದನ್ನು ಎಷ್ಟು ನಂಬಬೇಕು ಅನ್ನುವುದರದ್ದು. ಈ ಪ್ರಶ್ನೆಯನ್ನು ವ್ಯಾಕರಣ ಬಗೆಹರಿಸುವುದಿಲ್ಲ, ಪ್ರಯೋಗಾಲಯವೂ ಬಗೆಹರಿಸುವುದಿಲ್ಲ. ಧರ್ಮದಲ್ಲಿ ಸತ್ಯ ಅಂದಾಗ ಸಾಮಾನ್ಯವಾಗಿ ಇಂಥ ಸತ್ಯದ ಮಾತು. ಅದಕ್ಕೆ ಉತ್ತರ ಇಲ್ಲ ಅಂತಲ್ಲ. ಆದರೆ ಉತ್ತರ ಹುಡುಕುವವನು ತನ್ನನ್ನೇ ತಕ್ಕಡಿಗೆ ಹಾಕಬೇಕು. ಹಾಗಂತ ‘ಅವರವರ ಭಾವಕ್ಕೆ ತಕ್ಕ ಸತ್ಯ’ ಅಂತಲೂ ನಾನು ಹೇಳುತ್ತಿಲ್ಲ. ಮೂವರಲ್ಲಿ ಯಾರ ಹತ್ತಿರ ಹೋಗಿ ಹಾಗಂದರೂ ಕೋಲು ತೆಗೆದುಕೊಳ್ಳುತ್ತಾರೆ.

ಇಂಥ ಮಾತು ಬಂದಾಗ ಯಾರಾದರೊಬ್ಬರು ಕುರುಡರು ಆನೆ ಮುಟ್ಟಿದ ಕಥೆ ಹೇಳುತ್ತಾರೆ. ಒಬ್ಬನಿಗೆ ಕಂಬ, ಒಬ್ಬನಿಗೆ ಮೊರ, ಒಬ್ಬನಿಗೆ ಹಗ್ಗ. ಕಥೆ ಸೊಗಸಾಗಿದೆ. ಆದರೆ ಕಥೆ ಹೇಳುವವನಿಗೆ ಮಾತ್ರ ಪೂರ್ತಿ ಆನೆ ಕಾಣುತ್ತಿದೆ, ಗಮನಿಸಿದ್ದೀರಾ? ಶಂಕರ, ಮಧ್ವ, ರಾಮಾನುಜರನ್ನು ಕುರುಡರ ಸಾಲಿಗೆ ನಿಲ್ಲಿಸಿ ತಾನು ಕಣ್ಣಿರುವವನಾಗಿ ಕೂರುವುದು ಸಣ್ಣ ಧೈರ್ಯ ಅಲ್ಲ. ಸತ್ಯಕ್ಕೆ ಹಲವು ಮುಖ ಅನ್ನುವ ಜೈನರ ಅನೇಕಾಂತವನ್ನು ಈ ಕಥೆಗೆ ಜೋಡಿಸುವವರಿದ್ದಾರೆ. ಆದರೆ ಜೈನರು ‘ಎಲ್ಲರೂ ಸರಿ’ ಅನ್ನಲಿಲ್ಲ. ‘ಸ್ಯಾತ್’ ಅಂದರು, ಒಂದು ದೃಷ್ಟಿಯಿಂದ ಹೌದು ಅಂತ. ‘ಹೀಗೆ ಮಾತ್ರವೇ’ ಅಂತ ಹಟ ಹಿಡಿದರೆ ತಪ್ಪು ಅಂದರು. ಅದು ತುಂಬ ಬಿಗಿಯಾದ ತರ್ಕ, ಸಮಾಧಾನದ ಮಾತಲ್ಲ.

ಯಾರು ಸರಿ ಅಂತ ನೀವು ಕೇಳಿದ್ದೀರಿ, ನಾನು ಜಾರಿಕೊಳ್ಳಬಾರದು. ಪದಚ್ಛೇದದ ಮಟ್ಟಿಗೆ ನನಗೆ ‘ತತ್’ ಸಹಜ ಅನ್ನಿಸುತ್ತದೆ. ಹಿಂದೆಯೇ ‘ತತ್ ಸತ್ಯಂ’ ಅಂತ ಒಂದು ತತ್ ಬಂದಿದೆ, ಅದೇ ಓಟದಲ್ಲಿ ಮುಂದಿನ ತತ್ ಬರುತ್ತದೆ. ಆದರೆ ಪ್ರಕರಣವನ್ನು ಪೂರ್ತಿ ಓದಿದರೆ ಆ ಒಂದು ಮಣ್ಣಿನ ಮುದ್ದೆ ನನ್ನನ್ನು ಇವತ್ತಿಗೂ ಕಾಡುತ್ತದೆ. ಅದಕ್ಕೆ ಅದ್ವೈತಿಗಳು ಕೊಡುವ ಸಮಾಧಾನ ನನಗೆ ಪೂರ್ತಿ ಸಾಲಲಿಲ್ಲ. ನದಿಯ ವಿಷಯದಲ್ಲಿ ಮಾಧ್ವರು ಕೊಡುವ ಸಮಾಧಾನವೂ ಸಾಲಲಿಲ್ಲ. ‘ಸಮುದ್ರವೇ ಆಗುತ್ತವೆ’ ಅಂತ ಉಪನಿಷತ್ತು ಬಾಯಿಬಿಟ್ಟು ಹೇಳಿದೆಯಲ್ಲ!

ಮುಂದಿನ ಸಲ ಮಾವನವರ ಮನೆಗೆ ಹೋದಾಗ ‘ತತ್’ ಸರಿಯೋ ‘ಅತತ್’ ಸರಿಯೋ ಅಂತ ಶುರು ಮಾಡಬೇಡಿ. ‘ಆ ಒಂದು ಮುದ್ದೆಯ ವಿಷಯ ಸ್ವಲ್ಪ ಹೇಳಿ ಮಾವ’ ಅನ್ನಿ. ಅರ್ಧ ಗಂಟೆ ಖುಷಿಯಿಂದ ಹೇಳುತ್ತಾರೆ, ಪೂರ್ತಿ ಕೇಳಿ. ಆಮೇಲೆ ನದಿಯ ಪ್ರಶ್ನೆ ತೆಗೆಯಿರಿ. ಅದಕ್ಕೂ ಅವರ ಹತ್ತಿರ ಉತ್ತರ ಇರುತ್ತದೆ.

ಮಗಳಿಗೆ ಬೇರೆ ಕೆಲಸ ಕೊಡಿ. ರಾತ್ರಿ ಮಲಗುವ ಮುಂಚೆ ಒಂದು ಲೋಟ ನೀರಿಗೆ ಒಂದು ಹರಳು ಉಪ್ಪು ಹಾಕಿಡಲಿ. ಉದ್ದಾಲಕ ಮಗನ ಕೈಯಲ್ಲಿ ಮಾಡಿಸಿದ್ದೂ ಇದನ್ನೇ. ಬೆಳಿಗ್ಗೆ ‘ನಿನ್ನೆ ಹಾಕಿದ ಉಪ್ಪು ತಾ’ ಅಂದ. ತಡಕಿದರೆ ಸಿಗಲಿಲ್ಲ. ಮೇಲಿಂದ ಕುಡಿ, ನಡುವಿಂದ ಕುಡಿ, ತಳದಿಂದ ಕುಡಿ ಅಂದ. ಎಲ್ಲ ಕಡೆಯೂ ಉಪ್ಪೇ. ನಿಮ್ಮ ಮಗಳು ಅದನ್ನು ಅಜ್ಜನಿಗೂ ಕೊಡಲಿ, ಅಪ್ಪನಿಗೂ ಕೊಡಲಿ, ‘ಉಪ್ಪು ನೀರೇ ಆಯ್ತಾ, ನೀರಲ್ಲಿ ಇದೆಯಾ?’ ಅಂತ ಕೇಳಿ ಇಬ್ಬರು ಹೇಳಿದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಮಾವನವರಿಗೆ ಬಿಪಿ ಇದ್ದರೆ ಒಂದು ಗುಟುಕು ಸಾಕು.